ಮೊದಲು ಕಡಲು, ಆಮೇಲೆ ಊರು

ಥಾಯ್ಲೆಂಡಿಗೆ ಹೊರಟಾಗ ನಮ್ಮವರದು ಒಂದೇ ಹಟ: ಮೊದಲು ಕಡಲು, ಆಮೇಲೆ ಬ್ಯಾಂಕಾಕ್. ದಿನವೂ ಡೈವಿಂಗ್ ಮಾಡಿದವರ ಮೈಯಲ್ಲಿ ಕರಗಿದ ಸಾರಜನಕ ಹೊರಹೋಗಲು ಹೊತ್ತು ಬೇಕು. ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಜೋಡಿಯಾಗಿ ಹೊರಡುವ ಮಕ್ಕಳೇ, ನೆನಪಿರಲಿ.

ಸಿಮಿಲನ್ ದ್ವೀಪಗಳ ನಡುವೆ ಮೂರು ರಾತ್ರಿ ದೋಣಿಯೇ ಮನೆ. ಇವರು ನೀರಿಗಿಳಿದರೆ ನಾನು ಮೇಲೆ ಕುಳಿತು ಗುಳ್ಳೆ ನೋಡುವುದು. ಗುಳ್ಳೆ ಬರುತ್ತಿದ್ದರೆ ಮುತ್ತೈದೆತನ ಭದ್ರ! ಒಂದು ಮಧ್ಯಾಹ್ನ ಅಲೆಯೆದ್ದು ಗುಳ್ಳೆಯೇ ಕಾಣಲಿಲ್ಲ. ಇಪ್ಪತ್ತು ನಿಮಿಷ ನಾನು ಕರೆಯದ ದೇವರಿಲ್ಲ. ದೂರದಲ್ಲಿ ಕಿತ್ತಳೆ ಬಣ್ಣದ ಬಲೂನೊಂದು ಮೇಲೆದ್ದಿತು, ಪಕ್ಕದಲ್ಲಿ ಇವರ ತಲೆ. “ಆಮೆ ನೋಡಿದೆ ಕಣೇ!”

ರಾತ್ರಿ ಬಸ್ಸು ಹಿಡಿದು ಬ್ಯಾಂಕಾಕ್ ಸೇರಿದೆವು. ವಾಟ್ ಫೋದಲ್ಲಿ 46 ಮೀಟರ್ ಉದ್ದದ ಬುದ್ಧ ಮಲಗಿದ್ದಾನೆ. ಅಲ್ಲಿನ 108 ಕಂಚಿನ ಬಟ್ಟಲುಗಳಿಗೆ ಒಂದೊಂದೇ ನಾಣ್ಯ ಹಾಕಿ ಹರಕೆ ತೀರಿಸಿದೆ. ಇವರು ಆಮೆಯ ಗುಂಗಿನಲ್ಲೇ ಹಿಂದೆ ಬಂದರು.