ಟೈಪ್ ಆಗ್ತಿಲ್ಲ ಸಾರ್

ಸರ್ವರ್ ಬಿತ್ತು ಅಂದರೆ ಆಫೀಸಿನಲ್ಲಿ ಅದಕ್ಕೊಂದು ಗತ್ತು ಇರುತ್ತದೆ. ಮ್ಯಾನೇಜರು ಕುರ್ಚಿ ಬಿಟ್ಟೆದ್ದು ಬರುತ್ತಾರೆ, ರಾತ್ರಿ ಊಟ ಕಂಪನಿ ಲೆಕ್ಕದಲ್ಲಿ ಬರುತ್ತದೆ, ಯಾಕೆ ಬಿತ್ತು ಎಂದು ಚರ್ಚಿಸಲು ಮರುದಿನ ಮೀಟಿಂಗ್ ಬೇರೆ. ‘ಬಾಕ್ಸ್‌ನಲ್ಲಿ ಟೈಪ್ ಆಗ್ತಿಲ್ಲ ಸಾರ್’ ಎಂಬ ದೂರಿಗೆ ಈ ಯಾವ ಭಾಗ್ಯವೂ ಇಲ್ಲ. ಯಾರೂ ತಲೆ ಎತ್ತುವುದಿಲ್ಲ. ‘ಕ್ಯಾಶ್ ಕ್ಲಿಯರ್ ಮಾಡೋಕೆ ಹೇಳು’ ಎಂದು ಒಬ್ಬರು, ‘ನನ್ನ ಮೆಷೀನಲ್ಲಿ ಆಗ್ತಿದೆಯಲ್ಲ’ ಎಂದು ಇನ್ನೊಬ್ಬರು. ವೆಬ್ ಪುಟಗಳ ಮುಂಭಾಗ ಕಟ್ಟುವುದು ನನ್ನ ಹೊಟ್ಟೆಪಾಡಾದ್ದರಿಂದ ಆ ದೂರು ಸುತ್ತಿ ಬಳಸಿ ಕೊನೆಗೆ ನನ್ನ ಮೇಜಿಗೇ ಬಂದು ಕೂರುತ್ತದೆ.

ಇಷ್ಟು ವರ್ಷದ ಒಡನಾಟದಲ್ಲಿ ಬಾಕ್ಸಿನ ಪರವಾಗಿ ಒಂದು ಮಾತು ಹೇಳಲೇಬೇಕು. ಅದು ಪರಮ ಸಾಧು. 1995ರಲ್ಲಿ ಎಚ್‌ಟಿಎಂಎಲ್ ಎರಡನೇ ಆವೃತ್ತಿ ಹೊರಬಂದಾಗಲೇ ಇನ್‌ಪುಟ್ ಎಂಬ ಈ ಜೀವ ಅದರಲ್ಲಿತ್ತು. ಇವತ್ತಿಗೂ ಒಂದೇ ಒಂದು ಸಾಲು ಬರೆದು ಬಿಟ್ಟರೆ ಮಿನುಗುವ ಕರ್ಸರ್, ಕಾಪಿ, ಪೇಸ್ಟ್, ಅಳಿಸಿದ್ದನ್ನು ಮರಳಿ ತರುವ ಸೌಕರ್ಯ, ಕನ್ನಡ, ಉರ್ದು, ಎಲ್ಲವನ್ನೂ ಬ್ರೌಸರ್ ಪುಕ್ಕಟೆ ಕೊಡುತ್ತದೆ. ಅದೇ 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತು ದಿನದಲ್ಲಿ ಜಾವಾಸ್ಕ್ರಿಪ್ಟಿನ ಮೊದಲ ರೂಪ ಕಟ್ಟಿ ನಿಲ್ಲಿಸಿದರು. ಬಾಕ್ಸಿಗೆ ಅಂದಿನಿಂದ ಉಪಚಾರ ಶುರುವಾಯಿತು. ಅದು ಮಲಗಿದ್ದೆಲ್ಲ ಈ ಉಪಚಾರ ಹೆಚ್ಚಾಗಿಯೇ.

ದೂರು ಬಂದಾಗ ನನ್ನ ಮೊದಲ ಗುಮಾನಿ ಕಾಣದ ಪರದೆಯ ಮೇಲೆ. ಪುಟ ಲೋಡ್ ಆಗುವಾಗ ಒಂದು ಚಕ್ರ ತಿರುಗುತ್ತದಲ್ಲ, ಅದರ ಬೆನ್ನಿಗೆ ಇಡೀ ಪುಟ ಮುಚ್ಚುವ ಪರದೆಯೊಂದು ಇರುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ತೆಗೆಯಬೇಕು. ತೆಗೆಯುವ ಬದಲು ಯಾರೋ ಪುಣ್ಯಾತ್ಮರು ಅದರ ಒಪಾಸಿಟಿಯನ್ನು ಸೊನ್ನೆ ಮಾಡಿ ಕೈತೊಳೆದುಕೊಂಡಿರುತ್ತಾರೆ. ಕಣ್ಣಿಗೆ ಪರದೆ ಇಲ್ಲ, ಬೆರಳಿಗೆ ಇದೆ. ನೀವು ಎಷ್ಟು ಕುಟ್ಟಿದರೂ ಕುಟ್ಟು ಪರದೆಗೇ ಬೀಳುತ್ತದೆ, ಕೆಳಗಿರುವ ಬಾಕ್ಸಿಗೆ ಸುದ್ದಿಯೇ ಮುಟ್ಟುವುದಿಲ್ಲ. ಕೀಬೋರ್ಡಿನ ಟ್ಯಾಬ್ ಒತ್ತಿ ಒಳಗೆ ನುಸುಳಿದರೆ ಮಾತ್ರ ಟೈಪ್ ಸಲೀಸಾಗಿ ಆಗುತ್ತದೆ; ಹಾಗಾದರೆ ಕಳ್ಳ ಪರದೆಯೇ ಎಂದು ತಿಳಿಯಬಹುದು. ಕನ್ಸೋಲ್ ತೆರೆದು ಎಲಿಮೆಂಟ್‌ಫ್ರಮ್‌ಪಾಯಿಂಟ್ ಎಂಬ ಫಂಕ್ಷನ್ನಿಗೆ ಬಾಕ್ಸ್ ಇರುವ ಜಾಗದ ಅಳತೆ ಕೊಟ್ಟರೆ, ಅಲ್ಲಿ ಎಲ್ಲರಿಗಿಂತ ಮೇಲೆ ಯಾರು ಕೂತಿದ್ದಾರೆಂದು ಬ್ರೌಸರೇ ಹೆಸರು ಹಿಡಿದು ಹೇಳುತ್ತದೆ. ಪರದೆಗೆ ಪಾಯಿಂಟರ್ ಇವೆಂಟ್ಸ್ ನನ್ ಎಂದು ಒಂದು ಸಾಲು ಹಾಕಿದರೆ ಮುಟ್ಟಿದ್ದು ಕೆಳಕ್ಕೆ ಹೋಗುತ್ತದೆ. ಪರದೆಯನ್ನೇ ಕಿತ್ತು ಹಾಕಿದರೆ ಇನ್ನೂ ಒಳ್ಳೆಯದು.

ಇದಕ್ಕಿಂತ ಮಜಾ ಕೊಡುವುದು ಓರೆಗೆರೆಯ ಪ್ರಕರಣ. ಓರೆಗೆರೆ ಒತ್ತಿದರೆ ಕರ್ಸರ್ ನೇರ ಹುಡುಕುವ ಪೆಟ್ಟಿಗೆಗೆ ಹಾರಬೇಕು ಎಂಬ ಶಾರ್ಟ್‌ಕಟ್ ಹಲವು ತಾಣಗಳಲ್ಲಿದೆ. ಅದನ್ನು ಬರೆಯುವವರು ಇಡೀ ಪುಟದ ಕೀಡೌನ್ ಹಿಡಿದು, ಪ್ರಿವೆಂಟ್‌ಡಿಫಾಲ್ಟ್ ಎಂದು ಆ ಅಕ್ಷರವನ್ನು ತಡೆದು, ಕರ್ಸರನ್ನು ಎತ್ತಿ ಮೇಲಕ್ಕೆ ಒಯ್ಯುತ್ತಾರೆ. ಆ ಹೊತ್ತಿನಲ್ಲಿ ಗಿರಾಕಿ ಬೇರೆ ಬಾಕ್ಸಿನಲ್ಲಿ ಏನಾದರೂ ಬರೆಯುತ್ತಿದ್ದಾರಾ ಎಂದು ಕೇಳುವ ವ್ಯವಧಾನ ಇರುವುದಿಲ್ಲ. ಬೆಂಗಳೂರಿನಲ್ಲಿ ಓರೆಗೆರೆ ಇಲ್ಲದ ಮನೆ ನಂಬರ್ ಹುಡುಕಲು ಹರಸಾಹಸ ಮಾಡಬೇಕು. ವಿಳಾಸದ ಜಾಗದಲ್ಲಿ ‘ನಂ. 24’ ಎಂದು ಬರೆದು ಓರೆಗೆರೆ ಒತ್ತಿದಿರೋ, ಅಲ್ಲಿಗೆ ಮುಗಿಯಿತು; ಕರ್ಸರ್ ಹುಡುಕುವ ಪೆಟ್ಟಿಗೆಗೆ ಹಾರಿ, ಉಳಿದ ವಿಳಾಸವೆಲ್ಲ ಅಲ್ಲೇ ಬೀಳುತ್ತದೆ. ತಲೆ ತಗ್ಗಿಸಿ ಟೈಪ್ ಮಾಡುವವರು ಅದನ್ನು ಗಮನಿಸುವುದೂ ಇಲ್ಲ. ‘1, 3ನೇ ಅಡ್ಡರಸ್ತೆ, ಆಂಜನೇಯ ದೇವಸ್ಥಾನದ ಹಿಂದೆ’ ಎಂಬ ವಸ್ತು ನಮ್ಮಲ್ಲಿ ಸದ್ಯಕ್ಕೆ ದಾಸ್ತಾನಿಲ್ಲ ಎಂದು ಪುಟ ವಿನಯದಿಂದ ತಿಳಿಸುತ್ತದೆ. ಒತ್ತಿದ್ದು ಎಲ್ಲಿ, ಬಾಕ್ಸಿನೊಳಗೋ ಹೊರಗೋ ಎಂದು ಒಂದು ಇಫ್ ಹಾಕಿದ್ದರೆ ದಾಸ್ತಾನಿನ ಪ್ರಶ್ನೆಯೇ ಏಳುತ್ತಿರಲಿಲ್ಲ.

ಐಫೋನಿನಲ್ಲಿ ಕಾಣುವ ಕಾಯಿಲೆಯೂ ಉಂಟು. ಪುಟದ ಬರಹವನ್ನು ಯಾರೂ ಕದಿಯಬಾರದೆಂದು ಎಲ್ಲದಕ್ಕೂ ಯೂಸರ್ ಸೆಲೆಕ್ಟ್ ನನ್ ಎಂದು ಬೀಗ ಜಡಿದರೆ ಸಫಾರಿ ಬಾಕ್ಸಿನ ಬಾಯನ್ನೂ ಹೊಲಿದುಬಿಡುತ್ತದೆ. ಇನ್ನು ಜಾವಾಸ್ಕ್ರಿಪ್ಟಿಗೆ ಪುಟದ ಮೇಲೆ ಇರುವುದು ಒಂದೇ ಮುಖ್ಯ ಥ್ರೆಡ್. ಬಸ್‌ಸ್ಟ್ಯಾಂಡ್ ಪಕ್ಕದ ಪುಟ್ಟ ಹೋಟೆಲಿನಲ್ಲಿ ದೋಸೆ ಹುಯ್ಯುವವನೇ ಬಿಲ್ಲನ್ನೂ ಬರೆಯುವ ಹಾಗೆ. ಪ್ರತಿ ಅಕ್ಷರಕ್ಕೂ ಸಾವಿರ ಸಾಲಿನ ಪಟ್ಟಿಯನ್ನು ಸೋಸು ಎಂದರೆ ಅವನು ಕಾವಲಿ ಬಿಟ್ಟು ಬರುವುದಿಲ್ಲ. ಅಕ್ಷರಗಳು ಸರದಿಯಲ್ಲಿ ನಿಂತು, ಆಮೇಲೆ ಒಟ್ಟಿಗೆ ನುಗ್ಗುತ್ತವೆ. ಬೆರಳು ನಿಂತ ಮೇಲೆ ಸೋಸಿದರೆ ಸಾಕು ಎಂಬ ಡಿಬೌನ್ಸ್ ಇದಕ್ಕೆ ಮದ್ದು. ಗೂಗಲ್ಲಿನವರು 2024ರ ಮಾರ್ಚಿನಲ್ಲಿ ಪುಟಗಳನ್ನು ತೂಗುವ ತಮ್ಮ ಮುಖ್ಯ ಅಳತೆಗಳಲ್ಲಿ ಇದನ್ನೂ ಸೇರಿಸಿಕೊಂಡರು: ಒತ್ತಿದ್ದಕ್ಕೆ ತೆರೆಯ ಮೇಲೆ ಉತ್ತರ ಕಾಣಲು 200 ಮಿಲಿಸೆಕೆಂಡಿನೊಳಗಾದರೆ ಒಳ್ಳೆಯ ಪುಟ.

ಕನ್ನಡದವರ ಪಾಡು ಬೇರೆಯೇ. ನಮ್ಮ ದೊಡ್ಡಪ್ಪನ ಹೆಸರು ಕೃಷ್ಣಮೂರ್ತಿ. ನಿವೃತ್ತ ಮೇಷ್ಟ್ರು. ಹೆಸರಿನ ಜಾಗದಲ್ಲಿ ಅಂಕಿ, ಚಿಹ್ನೆ ಬರಬಾರದೆಂದು ಮೊದಲೆಲ್ಲ ಎ ಇಂದ ಜೆಡ್‌ವರೆಗೆ ಮಾತ್ರ ಬಿಡುವ ಜರಡಿ ಇರುತ್ತಿತ್ತು. ಕನ್ನಡದ ಒಂದಕ್ಷರವೂ ಒಳಗೆ ಹೋಗುತ್ತಿರಲಿಲ್ಲ. ಆಮೇಲೆ ಉದಾರಿಗಳು ಬಂದರು. 2018ರಲ್ಲಿ ಜಾವಾಸ್ಕ್ರಿಪ್ಟಿಗೆ ಬಂದ ಹೊಸ ಸೌಕರ್ಯ ಹಿಡಿದು, ‘ಜಗತ್ತಿನ ಯಾವ ಭಾಷೆಯ ಅಕ್ಷರವಾದರೂ ಸರಿ’ ಎಂದು ಜರಡಿ ಹಿಗ್ಗಿಸಿದರು. ಆದರೆ ಯೂನಿಕೋಡಿನ ಲೆಕ್ಕದಲ್ಲಿ ನಮ್ಮ ಕೊಂಬು, ಗುಡಿಸು, ವಟ್ರಸುಳಿ, ಒತ್ತು ಕೂಡಿಸುವ ವಿರಾಮ ಇವು ಅಕ್ಷರಗಳಲ್ಲ, ಗುರುತುಗಳು. ಅವಕ್ಕೆ ಬೇರೆ ಪಟ್ಟಿ. ಅದನ್ನು ಸೇರಿಸಲು ಮರೆತ ಪುಟದಲ್ಲಿ ದೊಡ್ಡಪ್ಪನ ಹೆಸರು ‘ಕಷಣಮರತ’ ಎಂದು ಮೂಡುತ್ತದೆ. ಮೂಡಿಯೂ ಇದೆ. ‘ಯಾವ ಕಷಾಯದ ಹೆಸರೋ ಇದು’ ಎಂದು ಅವರು ಫೋನಿನಲ್ಲಿ ಕೇಳಿದ್ದರು. ಕಣ್ಣಿಗೆ ನಾಲ್ಕೇ ಅಕ್ಷರವಾದ ಆ ಹೆಸರು ಕಂಪ್ಯೂಟರಿಗೆ 11 ತುಂಡು; ಮ್ಯಾಕ್ಸ್‌ಲೆಂತ್ 10 ಎಂದಿಟ್ಟ ಬಾಕ್ಸಿನಲ್ಲಿ ಕೊನೆಯ ಗುಡಿಸಿಗೆ ಜಾಗವಿಲ್ಲದೆ ‘ಕೃಷ್ಣಮೂರ್ತ’ರಾಗಿಯೇ ನಿಲ್ಲಬೇಕು.

ಅದೇ ದೊಡ್ಡಪ್ಪ ಕಳೆದ ಮಳೆಗಾಲದಲ್ಲಿ ಒಂದು ಸದಸ್ಯತ್ವದ ಅರ್ಜಿ ತುಂಬುತ್ತಿದ್ದರು. ನಾನು ಊರಿಗೆ ಹೋದವನು ಜಗಲಿಯಲ್ಲಿ ಕೂತು ನೋಡುತ್ತಿದ್ದೆ. ಬಲಗೈ ತೋರುಬೆರಳಿನಿಂದ ಬಾಕ್ಸನ್ನು ಮುಟ್ಟುತ್ತಾರೆ, ಕೀಬೋರ್ಡು ಮೇಲೇಳುತ್ತದೆ. ‘ಕ’ ಒತ್ತುತ್ತಾರೆ, ಕೀಬೋರ್ಡು ಸುಯ್ಯೆಂದು ಕೆಳಗಿಳಿಯುತ್ತದೆ. ಮತ್ತೆ ಬಾಕ್ಸ್ ಮುಟ್ಟುತ್ತಾರೆ, ವಟ್ರಸುಳಿ ಒತ್ತುತ್ತಾರೆ, ಮತ್ತೆ ಇಳಿಯಿತು. ಮುಖದಲ್ಲಿ ಬೇಸರದ ಗೆರೆ ಇಲ್ಲ. ಹೆಸರು, ತಂದೆಯ ಹೆಸರು ಮುಗಿಸಿ ವಿಳಾಸದ ಅರ್ಧಕ್ಕೆ ಬಂದಿದ್ದರು.

‘ದೊಡ್ಡಪ್ಪ, ಎಷ್ಟೊತ್ತಿಂದ ಹೀಗೆ ಮಾಡ್ತಿದೀರಿ?’ ಎಂದೆ.

‘ಇದು ಹೀಗೇ ಅಲ್ಲವೇನೋ ಮಾರಾಯ? ಒಂದಕ್ಷರಕ್ಕೆ ಒಂದು ಸಲ ಮುಟ್ಟೋದು. ನಾನೇನೋ ಸೆಕ್ಯುರಿಟಿಗೆ ಇಟ್ಟಿದಾರೆ ಅಂದ್ಕೊಂಡೆ’ ಎಂದರು.

ಲ್ಯಾಪ್‌ಟಾಪಿನಲ್ಲಿ ಅದೇ ಪುಟ ತೆರೆದು ಇನ್‌ಸ್ಪೆಕ್ಟ್ ಮಾಡಿದೆ. ಒಂದೊಂದು ಅಕ್ಷರ ಬಿದ್ದಾಗಲೂ ಇನ್‌ಪುಟ್‌ನ ಸಾಲು ಮಿನುಗಿ ಹೊಸದಾಗುತ್ತಿತ್ತು. ಪುಟ ರಿಯಾಕ್ಟ್‌ನದು, 2013ರಲ್ಲಿ ಫೇಸ್‌ಬುಕ್ ಎಲ್ಲರಿಗೂ ಬಿಟ್ಟುಕೊಟ್ಟ ಲೈಬ್ರರಿ. ಅಂಥ ಪುಟದಲ್ಲಿ ಹೀಗಾದರೆ ಬಹುಪಾಲು ಕಾರಣ ಒಂದೇ: ಬಾಕ್ಸಿನ ಕಾಂಪೊನೆಂಟನ್ನು ಇನ್ನೊಂದು ಕಾಂಪೊನೆಂಟಿನ ಹೊಟ್ಟೆಯೊಳಗೆ ಬರೆದಿರುತ್ತಾರೆ. ಅಕ್ಷರ ಬಿದ್ದೊಡನೆ ಹೊರಗಿನದು ಮತ್ತೆ ರೆಂಡರ್ ಆಗುತ್ತದೆ, ಒಳಗಿನ ಫಂಕ್ಷನ್ ಮತ್ತೆ ಹೊಸದಾಗಿ ಹುಟ್ಟುತ್ತದೆ, ರಿಯಾಕ್ಟ್ ಅದನ್ನು ಪರಿಚಯವೇ ಇಲ್ಲದವರಂತೆ ನೋಡಿ ಹಳೆಯ ಬಾಕ್ಸ್ ಕಿತ್ತು ಅದೇ ಜಾಗದಲ್ಲಿ, ಬರೆದಷ್ಟು ಅಕ್ಷರವನ್ನೂ ಇಟ್ಟು, ಹೊಸ ಬಾಕ್ಸ್ ನಿಲ್ಲಿಸುತ್ತದೆ. ನೋಡುವವರಿಗೆ ವ್ಯತ್ಯಾಸವೇ ಕಾಣದು. ಕರ್ಸರ್ ಮಾತ್ರ ಹಳೆಯದರ ಜೊತೆ ಹೋಗಿರುತ್ತದೆ. ಒಳಗಿನ ಫಂಕ್ಷನ್ನನ್ನು ಕತ್ತರಿಸಿ ಹೊರಗೆ ಅಂಟಿಸಿದರೆ ಆಯಿತು, ಟೀ ಆರುವಷ್ಟರಲ್ಲಿ ಮುಗಿಯುವ ಕೆಲಸ. ಇದನ್ನು ದೊಡ್ಡಪ್ಪನಿಗೆ ವಿವರಿಸಿದೆ. ‘ಹಾಗಾದರೆ ತಪ್ಪು ನನ್ನದಲ್ಲವಾ’ ಎಂದು ಕೇಳಿದರು.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಒಂದು ಕಾಲಕ್ಕೆ ಊರಿನ ಅರ್ಜಿಗಳನ್ನೆಲ್ಲ ಬರೆದುಕೊಡುತ್ತಿದ್ದವರು ಅವರು. ಪಹಣಿ ತಿದ್ದುಪಡಿ, ಬಗರ್‌ಹುಕುಂ, ವಿಧವಾ ವೇತನ, ಮನೆಗೆ ಕರೆಂಟು. ಬ್ರಿಲ್ ಶಾಯಿ, ಸ್ವಲ್ಪ ಎಡಕ್ಕೆ ವಾಲಿದ ದುಂಡನೆಯ ಅಕ್ಷರ. ಕೊಟ್ಟ ಜಾಗ ಸಾಲದಿದ್ದರೆ ‘ಪುಟ ತಿರುಗಿಸಿ’ ಎಂದು ಬರೆದು ಹಿಂಬದಿಯಲ್ಲಿ ಮುಂದುವರಿಸುತ್ತಿದ್ದರು; ಕಾಗದ ಎಂದೂ ಬೇಡ ಅಂದದ್ದಿಲ್ಲ. ಅರ್ಜಿ ತಿರಸ್ಕಾರವಾಗುತ್ತಿತ್ತು, ಅದು ಬೇರೆ ಮಾತು; ತಹಸೀಲ್ದಾರರ ಸಹಿಯೊಂದಿಗೆ, ಕಾರಣ ಸಮೇತ ಆಗುತ್ತಿತ್ತು. ಬರೆಯುವ ಮುಂಚೆಯೇ ಅಕ್ಷರವನ್ನು ತಿರಸ್ಕರಿಸುವ ಅಧಿಕಾರ ಯಾವ ಕಚೇರಿಗೂ ಇರಲಿಲ್ಲ. ಅಂಥವರು ಈಗ ಫೋನು ಹಿಡಿದು, ತಮ್ಮ ಬೆರಳೇ ಸರಿಯಿಲ್ಲವೇನೋ ಎಂದುಕೊಂಡು ಸುಮ್ಮನಿರುತ್ತಾರೆ. ನಮ್ಮ ಟಿಕೆಟ್ ಪಟ್ಟಿಯಲ್ಲಿ ದಾಖಲಾಗುವುದು ದೂರು ಕೊಡುವವರದು ಮಾತ್ರ.

ಆದ್ದರಿಂದ ಓದುಗರಲ್ಲಿ ಒಂದು ಅರಿಕೆ. ಬಾಕ್ಸ್ ಮುಷ್ಕರ ಹೂಡಿದರೆ ಬೆರಳನ್ನೋ ವಯಸ್ಸನ್ನೋ ದೂರಬೇಡಿ, ಪುಟದವರನ್ನು ದೂರಿ. ದೂರುವಾಗ ಯಾವ ಫೋನು, ಯಾವ ಬ್ರೌಸರು, ಯಾವ ಕೀಬೋರ್ಡು, ಯಾವ ಅಕ್ಷರ ಒತ್ತಿದಾಗ ನಿಂತಿತು ಎಂದು ಬರೆಯಿರಿ. ಅಷ್ಟು ಸಿಕ್ಕರೆ ನಮ್ಮಂಥವರ ಅರ್ಧ ಕೆಲಸ ಆದಂತೆಯೇ.