ಹಂಚು ತೆಗೆದು ಹಾಕುವ ಕಾಲ

"ಹಂಚು ತೆಗೆದು ಹಾಕಿಸಿದಿರಾ?" ಏಪ್ರಿಲ್ ಬಂತೆಂದರೆ ಅಜ್ಜಿಯದು ಇದೊಂದೇ ಪ್ರಶ್ನೆ. ಅವರೀಗ ಇರುವುದು ಮೂಡುಬಿದಿರೆಯ ಚಿಕ್ಕಮ್ಮನ ಮನೆಯಲ್ಲಿ. ಕೇಳುವುದು ಬೆಳ್ತಂಗಡಿಯ ಹಳೆಮನೆಯ ಬಗ್ಗೆ. ಅಜ್ಜ ಇದ್ದಾಗ ಪ್ರತಿ ಬೇಸಿಗೆಯಲ್ಲೂ ಒಡೆದ ಹಂಚು ಕೆಳಗಿಳಿಯುತ್ತಿತ್ತು, ಗೆದ್ದಲು ತಿಂದ ರೀಪು ಬದಲಾಗುತ್ತಿತ್ತು. ಬಂಟ್ವಾಳದಿಂದ ರಜೆಗೆ ಹೋಗುತ್ತಿದ್ದ ನನಗೆ ಮಾತ್ರ ಅದು ಯಾವಾಗಲೂ ಅದೇ ಮಾಡು.

ಈಗ ಬೆಂಗಳೂರಿನಲ್ಲಿ ಪಿಎಚ್‌ಡಿಗೆಂದು ನಾನು ನೋಡುತ್ತಿರುವುದೂ ಇಂಥದೇ ಒಂದು ಹೊದಿಕೆಯನ್ನು. ನಮ್ಮ ರಕ್ತದಲ್ಲಿ ಕಾವಲು ತಿರುಗುವ ಒಂದೊಂದು ಟಿ ಜೀವಕೋಶದ ಮೈಮೇಲೂ ಸುಮಾರು 30,000 ಗ್ರಾಹಕಗಳಿರುತ್ತವೆ. ರೋಗಾಣುವಿನ ಚೂರನ್ನು ಗುರುತಿಸುವ ಪ್ರೊಟೀನುಗಳು ಇವು. ಎಣಿಕೆ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಅವು ಅಲ್ಲೇ ಕೂತಿವೆ ಅನ್ನಿಸುತ್ತದೆ. ಆದರೆ ಅವು ಒಳಗೆ ಸರಿಯುತ್ತಲೇ ಇರುತ್ತವೆ. ಹೆಚ್ಚಿನವು ಮರಳಿ ಮೇಲೆ ಬರುತ್ತವೆ, ಕೆಲವು ಲೈಸೊಸೋಮ್ ಎಂಬ ಚೀಲ ಸೇರಿ ಜೀರ್ಣವಾಗುತ್ತವೆ. ಹೊಸದನ್ನು ಕಟ್ಟುವುದೂ ಸುಲಭವಲ್ಲ. ಎಂಟು ಎಳೆಗಳು ಸೇರಿದರೆ ಒಂದು ಗ್ರಾಹಕ. ಝೀಟಾ ಎಂಬ ಜೋಡಿ ಎಳೆ ಕೊನೆಗೆ ಬಂದು ಸೇರದಿದ್ದರೆ ಉಳಿದ ಆರೂ ಬಹುಪಾಲು ದಂಡ. ಜೀವಕೋಶ ಅವನ್ನು ಒಳಗೇ ಒಡೆದುಹಾಕುತ್ತದೆ. (ಬಡಗಿಗಳ ಕೆಲಸ ನೋಡುವಾಗ ಅಜ್ಜನಿಗೂ ಇಷ್ಟೇ ದಯೆ.)

ಈ ಬದಲಾವಣೆ ಕಾಣಬೇಕಾದರೆ ಹೊಸ ತಯಾರಿಯನ್ನು ನಿಲ್ಲಿಸಬೇಕು. ಸೈಕ್ಲೋಹೆಕ್ಸಿಮೈಡ್ ಹಾಕಿದರೆ ಪ್ರೊಟೀನು ಕಟ್ಟುವ ಕೆಲಸ ನಿಲ್ಲುತ್ತದೆ. ಆಮೇಲೆ ಗಂಟೆಗಳ ಲೆಕ್ಕದಲ್ಲಿ ಜೀವಕೋಶಗಳಿಗೆ ಬಣ್ಣ ಕಟ್ಟಿ, ಫ್ಲೋ ಸೈಟೋಮೀಟರಿನಲ್ಲಿ ಹಾಯಿಸಿ, ಹೊಳಪು ಎಷ್ಟು ಇಳಿಯಿತೆಂದು ಅಳೆಯುತ್ತೇನೆ. ಕೆಲವು ಪ್ರೊಟೀನುಗಳು ಬೇಗ ಮಾಯವಾಗುತ್ತವೆ. ಕೆಲವು ಎಷ್ಟೋ ಹೊತ್ತು ಹಾಗೆಯೇ ಇದ್ದು, ತಯಾರಿ ನಿಂತದ್ದೇ ಗೊತ್ತಾಗದಂತೆ ಮಾಡುತ್ತವೆ.

ಅಜ್ಜ ತೀರಿಕೊಂಡ ವರ್ಷದ ಮಳೆಗೆ ಮನೆ ಸೋರಲಿಲ್ಲ. ಮರುವರ್ಷ ಅಡುಗೆಮನೆಯ ಮೂಲೆ ಒದ್ದೆಯಾಯಿತು. "ಮುಂದಿನ ವರ್ಷ ನೋಡುವ" ಎಂದರು ಅಮ್ಮ. ನನಗೆ ಪ್ರಯೋಗಗಳಿದ್ದವು. ಮೂರು ವರ್ಷ ಅಜ್ಜಿಗೆ ಫೋನಿನಲ್ಲಿ "ಹಾಕಿಸಿ ಆಯ್ತು ಅಜ್ಜಿ" ಎಂದೇ ಹೇಳಿದೆ.

ಕಳೆದ ಮೇ ತಿಂಗಳಲ್ಲಿ ಮೂಡುಬಿದಿರೆಗೆ ಹೋದವನು, ಗೆಳೆಯನನ್ನು ನೋಡಿ ಬರುತ್ತೇನೆಂದು ಹೇಳಿ ವೇಣೂರಿನ ಮೇಲೆ ಹೋಗುವ ಬಸ್ಸು ಹತ್ತಿದೆ. ಹಳೆಮನೆಯ ಚಾವಡಿಯ ಪಕ್ಕಾಸು ಮುರಿದು ಬಿದ್ದಿತ್ತು. ಅಜ್ಜ ಕೂರುತ್ತಿದ್ದ ಜಾಗದಲ್ಲಿ ಬಿಸಿಲು. ಒಡೆಯದೆ ಉಳಿದ ಹಂಚುಗಳನ್ನು ಆರಿಸಿ ಗೋಡೆಗೆ ಒರಗಿಸುತ್ತಾ ಮಧ್ಯಾಹ್ನ ಕಳೆಯಿತು.

ಸಂಜೆ ಮರಳಿದಾಗ ಅಜ್ಜಿ ಜಗಲಿಯಲ್ಲೇ ಇದ್ದರು. ನನ್ನ ಅಂಗಿಗೆ ಮೆತ್ತಿದ ಕೆಂಪು ಧೂಳನ್ನು ಸ್ವಲ್ಪ ಹೊತ್ತು ನೋಡಿದರು.

"ಎಷ್ಟು ಹಂಚು ಉಳಿದುಂಟು ಮಗಾ?"