ಮೇ ತಿಂಗಳ ಹಿತ್ತಲ

ಹಾವೇರಿ ಇನ್ನೂ ಧಾರವಾಡ ಜಿಲ್ಲೆಯ ಒಂದು ತಾಲೂಕಾಗಿದ್ದ ಕಾಲ; ಅದು ಜಿಲ್ಲೆಯಾದದ್ದು 1997ರಲ್ಲಿ. ಏಪ್ರಿಲ್ 10ಕ್ಕೆ ಪಾಸು-ನಪಾಸು ತಿಳಿದದ್ದೇ ತಡ, ಹಾವೇರಿಯ ಕಾಕಾನ ಮಕ್ಕಳು, ರಾಣೆಬೆನ್ನೂರಿನ ಅತ್ತಿಯ ಮಕ್ಕಳು ರೈಲು ಹತ್ತಿ ಬ್ಯಾಡಗಿಗೆ ಬಂದು ಬೀಳುತ್ತಿದ್ದರು. ಮಾವಿನಹಣ್ಣು, ಬಾವಿಯ ಈಜು ಎಲ್ಲ ಇದ್ದದ್ದೇ. ಆದರೂ ನಾವು ಕೂಡಿದಾಗ ಈಗಲೂ ಮಾತು ಹೊರಳುವುದು ಅಜ್ಜಿಯ ಹಿತ್ತಲದ ಕಡೆಗೆ.

ಚಳಿಗಾಲದಲ್ಲಿ ಕಾಯಿಪಲ್ಲೆ ಯಾರಾದರೂ ಬೆಳೆಯುತ್ತಾರೆ. ಮೆಂತ್ಯ ಚೆಲ್ಲಿದರೆ ಮೆಂತ್ಯ, ಮೂಲಂಗಿ ಊರಿದರೆ ಮೂಲಂಗಿ. ಕೈಗುಣ ಗೊತ್ತಾಗುವುದು ಭರಣಿ, ಕೃತ್ತಿಕಾ ಮಳೆ ಕೈಕೊಟ್ಟು, ಎರಿ ನೆಲ ಬೆರಳು ತೂರುವಷ್ಟು ಬಿರಿದಾಗ. ಆಗ ಅಜ್ಜಿ ನೀರಿಗೆ ಸರದಿ ಹಚ್ಚುತ್ತಿದ್ದಳು. ಅಕ್ಕಿ ತೊಳೆದ ನೀರು ಕರಿಬೇವಿಗೆ, ಬಚ್ಚಲ ನೀರು ಬಾಳೆಗೆ, ಪಾತ್ರೆ ಗಲಬರಿಸಿದ್ದು ಬದನಿಗೆ. ಬಾವಿಯಿಂದ ಸೇದಿದ ನೀರು ಮಾತ್ರ ಮೆಣಸಿನ ಅಗಿ ಮಡಿಗೆ, ಅದೂ ಹೊತ್ತು ಇಳಿದ ಮೇಲೆ. ಮಧ್ಯಾಹ್ನವೇ ಕೊಡ ಎತ್ತಿದರೆ ಬೈಗುಳ: "ಬಿಸಲಾಗ ನಿಮಗ ಯಾರರ ಕುದಿಯೋ ನೀರು ಕುಡಸ್ತಾರನ?"

ಅಗಿ ಮಡಿಯ ವೈಭವವೇ ಬೇರೆ. ತುಂಬು ಬಿಡಿಸಲು ಕುಳಿತಾಗ ಕಡ್ಡಿ ಮೆಣಸಿನಕಾಯಿಯಲ್ಲಿ ಮೈಯೆಲ್ಲ ಸುಕ್ಕುಗಟ್ಟಿದ, ಕಡುಗೆಂಪಿನವನ್ನು ಆರಿಸಿ ಅಜ್ಜಿ ಉಡಿಯಲ್ಲಿ ಕಟ್ಟಿಕೊಳ್ಳುತ್ತಿದ್ದಳು. ಅವುಗಳ ಬೀಜ ತೆಗೆದು, ಬೂದಿಯಲ್ಲಿ ತಿಕ್ಕಿ, ಬೆರಳಿನಿಂದ ಗೀರಿದ ಸಾಲಿನಲ್ಲಿ ತೆಳ್ಳಗೆ ಬಿಡುವುದು. ಮೇಲೆ ಜರಡಿ ಹಿಡಿದ ತಿಪ್ಪೆಗೊಬ್ಬರ, ಅದರ ಮೇಲೆ ಹುಲ್ಲು. ನೀರು ಚಿಮುಕಿಸುವುದು ಹುಲ್ಲಿನ ಮೇಲೆಯೇ, ಇಲ್ಲವಾದರೆ ಬೀಜ ತೇಲಿ ಒಂದು ಮೂಲೆಗೆ ಹೋಗಿ ಸೇರುತ್ತವೆ. ಮೊಳಕೆ ಸೊಂಟ ಬಗ್ಗಿಸಿ ಎದ್ದದ್ದು ಕಂಡ ಕೂಡಲೇ ಹುಲ್ಲು ತೆಗೆಯಬೇಕು. ತಡವಾದರೆ ಅಗಿ ಬಿಳುಚಿ ಸಣಕಲಾಗುತ್ತದೆ. ಮೊದಲ ಮೊಳಕೆ ಕಂಡವರಿಗೆ ಶೇಂಗಾ-ಬೆಲ್ಲ. ಹಲ್ಲು ತಿಕ್ಕುವ ಮೊದಲೇ ಹುಲ್ಲೆತ್ತಿ ನೋಡಲು ನಮ್ಮಲ್ಲಿ ಪೈಪೋಟಿ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಮಾನ್ಯತೆ ಸಿಕ್ಕಾಗ ಹಾವೇರಿಯ ತಮ್ಮ ಫೋನ್ ಮಾಡಿ, "ಅಜ್ಜೀದೂ ಒಂದ ಸಹಿ ತಗೋಬೇಕಿತ್ತಲೋ ಅಣ್ಣಾ" ಅಂದ. ನನಗೂ ಹಾಗೇ ಅನ್ನಿಸಿತ್ತು.

ಅತ್ತಿ ಬಂದಳೆಂದರೆ ಹಿತ್ತಲದಲ್ಲಿ ಎರಡು ಸರ್ಕಾರ. ರಾಣೆಬೆನ್ನೂರಿನ ಸುತ್ತ ತರಕಾರಿಯ ಹೈಬ್ರಿಡ್ ಬೀಜದ ಕೆಲಸ ಬೇರೂರಿತ್ತು, ಅತ್ತಿ ಕ್ರಾಸಿಂಗ್‌ಗೆ ಹೋಗುತ್ತಿದ್ದಳು. ಸಂಜೆ ಮೊಗ್ಗು ಬಿಡಿಸಿ ಚಿಮಟಿಗೆಯಿಂದ ಗಂಡು ಕೇಸರ ಕಿತ್ತು ಗುರುತು ಹಾಕುವುದು, ಮರುದಿನ ಮುಂಜಾನೆ ಬೇರೆ ತಳಿಯ ಪರಾಗ ಮುಟ್ಟಿಸುವುದು. ನಮ್ಮ ಬೆಂಡಿ ಗಿಡದ ಮೇಲೆ ಅದನ್ನು ಮಾಡಿ ತೋರಿಸಿದಾಗ ಅಜ್ಜಿಗೆ ಸಿಟ್ಟು ಬಂತು: "ಹೂವಿನ ಲಗ್ನಾನೂ ನೀವ ಮಾಡಿದ್ರ ಜೇನ್ನೊಣ ಏನ್ ಮಾಡಬೇಕವ್ವಾ?" ಅತ್ತಿ ತಂದುಕೊಟ್ಟ ಹೈಬ್ರಿಡ್ ಬೆಂಡಿ ಮಾತ್ರ ಜೋರು ಕಾಯಿ ಬಿಟ್ಟಿತು. "ಇದರ ಬೀಜ ಇಡಬ್ಯಾಡ, ಮುಂದಿನ ವರ್ಷ ಹಿಂಗ ಬರೂದಿಲ್ಲ" ಎಂದು ಆಕೆ ಹೇಳಿಯೇ ಹೋಗಿದ್ದಳು. ಅಜ್ಜಿ ಕೇಳುವವಳೇ? ದಪ್ಪ ಕಾಯಿಗೆ ಅರಿವೆ ಚೂರು ಕಟ್ಟಿ ಬೀಜಕ್ಕೆ ಬಿಟ್ಟಳು. ಮರುವರ್ಷ ಒಂದು ಗಿಡ ಉದ್ದ, ಒಂದು ಗಿಡ್ಡ, ಇನ್ನೊಂದರ ಕಾಯಿ ಬರೀ ನಾರು. "ಮನಿತನ ಗೊತ್ತಿಲ್ಲದ ಬೀಜ" ಎಂದು ತೀರ್ಪು ಕೊಟ್ಟು ಎಲ್ಲವನ್ನೂ ಕಿತ್ತು ಎಮ್ಮೆಗೆ ಹಾಕಿದಳು.

ಆ ಜಾಗದಲ್ಲಿ ಈಗ ಬಾಡಿಗೆಯ ಕೋಣೆಗಳಿವೆ. ಅತ್ತಿಯ ಮಗಳು ರಾಣೆಬೆನ್ನೂರಿನ ತನ್ನ ಮಾಳಿಗೆ ಮೇಲೆ ಬಣ್ಣದ ಡಬ್ಬಿಗಳಲ್ಲಿ ಚವಳಿಕಾಯಿ, ಬದನಿ ಹಾಕಿದ್ದಾಳೆ. ರೋಹಿಣಿ ಮಳೆ ಕೂಡುವ ಮೊದಲು ಹಳೇ ಬದನಿ ಗಿಡವನ್ನು ಎಷ್ಟೆತ್ತರಕ್ಕೆ ಕಡಿದರೆ ಹೊಸ ಚಿಗುರು ಬರುತ್ತದೆ ಎಂದು ಕಳೆದ ಬೇಸಿಗೆಯಲ್ಲಿ ಫೋನಿನಲ್ಲಿ ದೊಡ್ಡ ವಾದ ನಡೆಯಿತು. ಅಜ್ಜಿ ಮೊಣಕಾಲೆತ್ತರಕ್ಕೆ ಕಡಿಯುತ್ತಿದ್ದಳು ಅಂತ ನಾನು. ಇಲ್ಲ, ಗೇಣುದ್ದ ಬಿಟ್ಟು ಕಡಿಯುತ್ತಿದ್ದಳು ಅಂತ ಅವಳು. ಎಲ್ಲ ಕೇಳಿಸಿಕೊಂಡ ಹಾವೇರಿಯವನು, "ಇಬ್ಬರದೂ ಸುಳ್ಳು. ಕಡೀತಿದ್ದದ್ದು ಬಾಜೂ ಮನಿ ಆಡು" ಅಂದ.